ಪಾರ್ಕಿಂಗ್‌ನಲ್ಲಿ ಈ ಸಲ ಗರಿಕೆ ಬೇಡ

ಎಲ್ಲರಿಗೂ ನಮಸ್ಕಾರ. ಬೇವಿನ ಮರದ ಕೆಳಗೆ ಹುಲ್ಲು ಬೆಳೆಸೋಕೆ ತೂತಿನ ಬ್ಲಾಕ್ ಹಾಕಿಸಿದ್ದೇವಲ್ವಾ, ಅದರಲ್ಲಿ ಹೋದ ವರ್ಷ ನೆಟ್ಟ ಗರಿಕೆ ಹೋಗೇಬಿಟ್ಟಿತು. ನಿನ್ನೆ ಬಗ್ಗಿ ನೋಡಿದೆ. ಉಳಿದ ನಾಲ್ಕು ಎಳೆಗಳು ದಾರದ ಹಾಗೆ ಉದ್ದವಾಗಿ, ಬಿಳಿಚಿಕೊಂಡು, ಗೇಟಿನ ಕಡೆಯ ಬಿಸಿಲಿಗೆ ವಾಲಿದ್ದವು. ಗರಿಕೆಗೆ ಬಿಸಿಲೇ ಬೇಕು, ತಪ್ಪು ನಮ್ಮದೇ.

ಈ ಸಲ ಅಗಲ ಎಲೆಯ ಕಾರ್ಪೆಟ್ ಹುಲ್ಲು ಹಾಕೋಣ. ಅರ್ಧ ನೆರಳಲ್ಲೂ ಹಬ್ಬುತ್ತದೆ, ಆದರೆ ನೀರು ಜಾಸ್ತಿ ಕೇಳುತ್ತದೆ. ಸ್ವಲ್ಪ ಬಿಸಿಲು ಬೀಳುವ ಅಂಚಿಗೆ ನೆಲಕ್ಕೆ ಹಬ್ಬುವ ಗಿಡ ನೆಲಹಿಪ್ಪಲಿ ಒಳ್ಳೆಯದು, ಓಡಾಡಿದರೂ ಸಾಯುವುದಿಲ್ಲ. ಅದರ ಹೂವಿಗೆ ಜೇನು ಬರುತ್ತದೆ, ಮಕ್ಕಳು ಚಪ್ಪಲಿ ಹಾಕಿಕೊಳ್ಳಲಿ. ಗಾಢ ನೆರಳಿಗೆ ಗಿಡ್ಡ ಮಾಂಡೋ ಹುಲ್ಲು (ಹುಲ್ಲಿನಂಥ ಎಲೆಯ ಸಣ್ಣ ಗಿಡ) ಸರಿ. ಅದು ಚಕ್ರದ ಭಾರ ತಾಳುವುದಿಲ್ಲ, ಎರಡು ಚಕ್ರಗಳ ನಡುವೆ ಮಾತ್ರ ನೆಡಬೇಕು. ಚಕ್ರ ನಿಲ್ಲುವ ಜಾಗಕ್ಕೆ ಸುಮ್ನೆ ಸಣ್ಣ ಜಲ್ಲಿ ಸಾಕು.

ಒಂದು ಮುಖ್ಯ ಮಾತು. ತೂತಿಗೆ ನಮ್ಮ ಕಲಬುರಗಿಯ ಎರೆಮಣ್ಣು ತುಂಬಬೇಡಿ. ಮಳೆಗೆ ಉಬ್ಬಿ ನೀರನ್ನು ಇಳಿಯಲು ಬಿಡುವುದಿಲ್ಲ, ಬೇಸಿಗೆಗೆ ಬಿರುಕು ಬಿಡುತ್ತದೆ. ದಪ್ಪ ಮರಳಿಗೆ ಸ್ವಲ್ಪ ಕಾಂಪೋಸ್ಟ್ ಬೆರೆಸಿ, ಬ್ಲಾಕಿನ ಅಂಚಿಗಿಂತ 1 ಇಂಚು ಕೆಳಗೇ ನಿಲ್ಲಿಸಿ. ಆಗ ಟೈರು ಗಿಡದ ಬುಡವನ್ನು ಅರೆಯುವುದಿಲ್ಲ.

ಜೂನ್‌ನಲ್ಲಿ ಎರಡು ಒಳ್ಳೆ ಮಳೆ ಬಿದ್ದ ಮೇಲೆ ನೆಡೋಣ. ಆಮೇಲೆ 6 ವಾರ ಕಾರುಗಳು ರಸ್ತೆ ಬದಿಗೆ. ಎಂಜಿನ್ ಆಯಿಲ್ ಸೋರುವ ಗಾಡಿ ಯಾರದೋ ಅವರಿಗೇ ಗೊತ್ತು, ದಯವಿಟ್ಟು ರಿಪೇರಿ ಮಾಡಿಸಿ. ಒಪ್ಪಿಗೆ ಇದ್ದವರು ಭಾನುವಾರದೊಳಗೆ ಇಲ್ಲೇ ತಿಳಿಸಿ.