ಮಿಷನ್ ಕೆಟ್ಟರೆ ಮೊದಲು ಷರತ್ತು ನೋಡಿ

ಮಾನ್ಯ ಸಂಪಾದಕರೇ,

ಗೇಮ್ ತಯಾರಿಕೆ ಎಂದರೆ ಗ್ರಾಫಿಕ್ಸ್ ಎಂದೇ ಮಾತು ಮುಗಿಯುತ್ತದೆ. ಕಲಿಯುವವರನ್ನು ಸೋಲಿಸುವುದು ಮಾತ್ರ ಮಿಷನ್ ಸ್ಕ್ರಿಪ್ಟಿನ (ಆಟದ ಒಂದು ಕಾರ್ಯದಲ್ಲಿ ಯಾವಾಗ ಗೆಲುವು, ಯಾವಾಗ ಸೋಲು ಎಂದು ಹೇಳುವ ಪ್ರೋಗ್ರಾಂನ) 'ಮತ್ತು', 'ಅಥವಾ', 'ಅಲ್ಲ'ಗಳು. ಸಾಲಿನ ವ್ಯಾಕರಣ ಸರಿಯಿರುವುದರಿಂದ ಕಂಪೈಲರ್ (ಪ್ರೋಗ್ರಾಂ ಅನ್ನು ಯಂತ್ರಕ್ಕೆ ಅನುವಾದಿಸುವ ತಂತ್ರಾಂಶ) ಈ ತಪ್ಪನ್ನು ಹಿಡಿಯುವುದೂ ಇಲ್ಲ.

ಆಟಗಾರ ಕಾರು ಇಲ್ಲವೇ ಬೈಕಿನಲ್ಲೇ ಇರಬೇಕು, ಬಿಟ್ಟರೆ ಸೋಲು ಎಂದುಕೊಳ್ಳಿ. ಸೋಲಿನ ಷರತ್ತನ್ನು 'ವಾಹನ ಕಾರಲ್ಲ ಅಥವಾ ವಾಹನ ಬೈಕಲ್ಲ' ಎಂದು ಬರೆದರೆ ಷರತ್ತು ಯಾವಾಗಲೂ ನಿಜ: ಕಾರಿನಲ್ಲಿರುವವನು ಬೈಕಿನಲ್ಲಿಲ್ಲ, ಬೈಕಿನಲ್ಲಿರುವವನು ಕಾರಿನಲ್ಲಿಲ್ಲ. ಮಿಷನ್ ಶುರುವಾದೊಡನೆ ಸೋಲು. ಇಲ್ಲಿ ಬೇಕಿರುವುದು 'ಮತ್ತು'. ಆವರಣದ ಹೊರಗಿನ 'ಅಲ್ಲ' ಒಳಗೆ ಹೋದರೆ 'ಅಥವಾ' 'ಮತ್ತು' ಆಗುತ್ತದೆ, 'ಮತ್ತು' 'ಅಥವಾ' ಆಗುತ್ತದೆ. 19ನೇ ಶತಮಾನದ ಗಣಿತಜ್ಞ ಅಗಸ್ಟಸ್ ಡಿ ಮಾರ್ಗನ್ ಹೆಸರಿನ ಈ ನಿಯಮವನ್ನು ಬಾಯಿಪಾಠ ಮಾಡಿದರೂ ತಪ್ಪಿಲ್ಲ.

ಲುವಾ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಎಡವಿ ಬೀಳುವ ಇನ್ನೆರಡು ಹಳ್ಳಗಳಿವೆ. ಅಲ್ಲಿ 'ಆ್ಯಂಡ್' ಎಂದರೆ 'ಮತ್ತು', 'ಆರ್' ಎಂದರೆ 'ಅಥವಾ', 'ನಾಟ್' ಎಂದರೆ 'ಅಲ್ಲ', '==' ಎಂದರೆ 'ಸಮವೇ' ಎಂಬ ಹೋಲಿಕೆ. 'ಹಂತ == 1 ಆರ್ 2' ಎಂದರೆ ಸದಾ ನಿಜ, ಏಕೆಂದರೆ ಒಂಟಿ 2 ಅಲ್ಲಿ ನಿಜವೇ (0 ಕೂಡ). 'ಹಂತ == 1 ಆರ್ ಹಂತ == 2' ಎಂದು 'ಹಂತ'ವನ್ನು ಎರಡು ಸಲ ಬರೆಯಲೇಬೇಕು. 'ನಾಟ್ ಹಂತ == 3' ಎಂದರೆ ಮೊದಲು 'ನಾಟ್ ಹಂತ' ಲೆಕ್ಕವಾಗಿ, ಬಂದ ಉತ್ತರವನ್ನು 3ಕ್ಕೆ ಹೋಲಿಸುತ್ತದೆ. ಅದು ಎಂದಿಗೂ ನಿಜವಾಗದು. ಹೋಲಿಕೆಯನ್ನು ಆವರಣದಲ್ಲಿಡಿ. 'ಆ್ಯಂಡ್', 'ಆರ್' ಒಂದೇ ಸಾಲಿನಲ್ಲಿದ್ದರೆ 'ಆ್ಯಂಡ್' ಮೊದಲು ಲೆಕ್ಕವಾಗುತ್ತದೆ, ಹಾಗಾಗಿ ಅಲ್ಲಿಯೂ ಆವರಣವೇ ಕ್ಷೇಮ.

ಜಿಟಿಎ ಸರಣಿಯ ವಿಡಿಯೊ ಗೇಮ್ ಸ್ಯಾನ್ ಆಂಡ್ರಿಯಾಸ್‌ನ ಮಿಷನ್ ಸ್ಕ್ರಿಪ್ಟಿನಲ್ಲಿ ಒಂದು 'ಇಫ್'ಗೆ ('ಹೀಗಿದ್ದರೆ' ಎಂಬ ಪರೀಕ್ಷೆಗೆ) 8 ಷರತ್ತುಗಳೇ ಮಿತಿ. ಎಲ್ಲವೂ 'ಆ್ಯಂಡ್' ಇಲ್ಲವೇ ಎಲ್ಲವೂ 'ಆರ್', ಬೆರಕೆಗೆ ಅವಕಾಶವಿಲ್ಲ. 'ಆಟಗಾರ ಗುರಿಯ ವೃತ್ತದಲ್ಲಿದ್ದಾನೆ, ಜೊತೆಗೆ ಕಾರು ಅಥವಾ ಬೈಕ್ ಇದೆ' ಎಂಬುದಕ್ಕೆ ಮೊದಲು ಒಂದು ಫ್ಲ್ಯಾಗ್ ವೇರಿಯಬಲ್ (ಹೌದು-ಇಲ್ಲಗಳನ್ನು 1, 0 ಆಗಿ ನೆನಪಿಡುವ ಜಾಗ) ಅನ್ನು 0 ಮಾಡಿ, 'ಆರ್' ಪರೀಕ್ಷೆ ನಿಜವಾದರೆ 1 ಮಾಡಿ, ಬಳಿಕ ಇನ್ನೊಂದು 'ಇಫ್'ನಲ್ಲಿ ವೃತ್ತದೊಡನೆ 'ಆ್ಯಂಡ್' ಮಾಡಬೇಕು. ಈ ಪರೀಕ್ಷೆ ಮರುಕಳಿಸುವ ಪ್ರತಿ ಸುತ್ತಿನಲ್ಲೂ ಫ್ಲ್ಯಾಗನ್ನು 0 ಮಾಡಲು ಮರೆತರೆ ಆಟಗಾರ ವಾಹನದಿಂದ ಇಳಿದರೂ ಅದು 1 ಆಗಿಯೇ ಉಳಿಯುತ್ತದೆ.

ಆಪರೇಟರ್‌ಗಳನ್ನು ('ಆ್ಯಂಡ್', 'ಆರ್', 'ನಾಟ್') ಕಣ್ಣಂದಾಜಿನಲ್ಲಿ ಅದಲುಬದಲು ಮಾಡುವ ಚಾಳಿ ಬಿಡಬೇಕು. ಒಂದು ದೋಷ ಹೋಗಿ ಇನ್ನೊಂದು ಅಡಗಿ ಕೂರುತ್ತದೆ. ಎರಡು ಷರತ್ತಿಗೆ 4 ಸಾಲು, ಮೂರಕ್ಕೆ 8 ಸಾಲಿನ ಸತ್ಯಕೋಷ್ಟಕ (ಷರತ್ತುಗಳ ನಿಜ-ಸುಳ್ಳಿನ ಎಲ್ಲ ಜೋಡಣೆಗಳ ಪಟ್ಟಿ) ಬರೆದು, ಪ್ರತಿ ಷರತ್ತು ನಿಜವೋ ಸುಳ್ಳೋ ಎಂಬುದನ್ನು ಪರದೆಯ ಮೇಲೆ ಬೇರೆಬೇರೆಯಾಗಿ ತೋರಿಸಿ, ಕೋಷ್ಟಕದೊಡನೆ ತಾಳೆ ನೋಡಿ. ಮಿಷನ್ ಮುಗಿಯಬಾರದ ಸಾಲುಗಳನ್ನೂ ಆಡಿ ನೋಡಲೇಬೇಕು. ಬಹುಪಾಲು ತಪ್ಪು ಸಿಗುವುದು ಅಲ್ಲೇ.

ತಮ್ಮ ತಂತ್ರಜ್ಞಾನ ಪುಟದಲ್ಲಿ ಇಂಥ ಒಂದು ಷರತ್ತನ್ನು ಕೋಷ್ಟಕ ಸಮೇತ ಆಗಾಗ ಪ್ರಕಟಿಸಬೇಕೆಂದು ಕೋರುತ್ತೇನೆ.

— ಒಬ್ಬ ಓದುಗ