ಕನ್ಸೋಲ್ ವಾಪಸ್ ಚೀಟಿ ನಿಲ್ಲಿಸುತ್ತಿದ್ದೇವೆ, ಕಾರಣ ಇದು

ಪ್ರೀತಿಯ ಗ್ರಾಹಕರೇ,

ನೇರವಾಗಿ ವಿಷಯಕ್ಕೆ ಬರುತ್ತೇವೆ. ಮುಂದಿನ ತಿಂಗಳ 1ನೇ ತಾರೀಖಿನಿಂದ ನಮ್ಮ ಸಹಕಾರಿಯಲ್ಲಿ ಎರಡು ವ್ಯವಸ್ಥೆ ಇರುವುದಿಲ್ಲ. ಒಂದು, ಕನ್ಸೋಲ್ (ವಿಡಿಯೋ ಗೇಮ್ ಆಡುವ ಯಂತ್ರ) ಕೊಳ್ಳುವ ದಿನವೇ "ಮೂರು ವರ್ಷ ಬಿಟ್ಟು ತಂದುಕೊಟ್ಟರೆ ಅರ್ಧ ಬೆಲೆ ಕೊಡುತ್ತೇವೆ" ಅಂತ ಬರೆದುಕೊಡುತ್ತಿದ್ದ ವಾಪಸ್ ಚೀಟಿ. ಇನ್ನೊಂದು, ಇನ್ನೂ ಬಾರದ ಕನ್ಸೋಲ್‌ಗೆ ನಾವು ತೆಗೆದುಕೊಳ್ಳುತ್ತಿದ್ದ ಮುಂಗಡ. ಈಗಾಗಲೇ ನಿಮ್ಮ ಕೈಯಲ್ಲಿರುವ ಚೀಟಿಗೆ ಏನೂ ಆಗುವುದಿಲ್ಲ. ಅದರಲ್ಲಿ ಬರೆದ ಮೊತ್ತಕ್ಕಿಂತ ಒಂದು ಪೈಸೆಯೂ ಕಡಿಮೆ ಕೊಡುವುದಿಲ್ಲ, ಆ ದಿನದ ಬೆಲೆ ಜಾಸ್ತಿ ಇದ್ದರೆ ಜಾಸ್ತಿಯೇ ಕೊಡುತ್ತೇವೆ. ಮುಂಗಡ ಕೊಟ್ಟವರಿಗೆ ಪೂರ್ತಿ ಹಣ ವಾಪಸ್.

ಇಷ್ಟು ಹೇಳಿ ಮುಗಿಸಬಹುದಿತ್ತು. ಆದರೆ ಈ ಎರಡೂ ನಿಂತಿದ್ದು ಒಂದೇ ಊಹೆಯ ಮೇಲೆ, ಕನ್ಸೋಲುಗಳ ಮುಂದಿನ ದಾರಿ ನಮಗೆ ಗೊತ್ತು ಅನ್ನುವ ಊಹೆಯ ಮೇಲೆ. ಆ ಊಹೆಯನ್ನು ನಂಬಿ ಅಂತ ನಿಮಗೆ ಹೇಳಿದವರು ನಾವು. ಅದು ತಪ್ಪಾದಾಗಲೂ ನಾವೇ ಹೇಳಬೇಕು ಅಲ್ವಾ.

ಊಹೆ ಹುಟ್ಟಿದ್ದು ಸುಮ್ನೆ ಅಲ್ಲ. ಸೋನಿ ಕಂಪನಿಯ ಕನ್ಸೋಲ್ ಪ್ಲೇಸ್ಟೇಷನ್ ನೋಡಿ. ಮೊದಲನೆಯದು 1994ರಲ್ಲಿ ಬಂತು, ಎರಡನೆಯದು 2000ದಲ್ಲಿ, ಮೂರನೆಯದು 2006ರಲ್ಲಿ, ನಾಲ್ಕನೆಯದು 2013ರಲ್ಲಿ, ಐದನೆಯದು 2020ರಲ್ಲಿ. ಹಬ್ಬದ ಪಂಚಾಂಗದ ಹಾಗೆ. ಮಧ್ಯದಲ್ಲಿ ಅದೇ ಯಂತ್ರದ ತೆಳುವಾದ, ಅಗ್ಗದ ಆವೃತ್ತಿ ಬರುತ್ತಿತ್ತು. ಪ್ಲೇಸ್ಟೇಷನ್ 2ಕ್ಕೆ ಅದು 2004ರಲ್ಲಿ ಬಂತು, ಪ್ಲೇಸ್ಟೇಷನ್ 3ಕ್ಕೆ 2009ರಲ್ಲಿ. ಅಗ್ಗ ಆಗಲು ಕಾರಣವೂ ಗಟ್ಟಿಯಾಗಿತ್ತು. ಚಿಪ್ ಮಾಡುವ ತಂತ್ರ ಎರಡು ಮೂರು ವರ್ಷಕ್ಕೊಮ್ಮೆ ಸೂಕ್ಷ್ಮವಾಗುತ್ತಿತ್ತು, ಅದೇ ಚಿಪ್ ಇನ್ನಷ್ಟು ಚಿಕ್ಕದಾಗುತ್ತಿತ್ತು, ಒಂದು ಸಿಲಿಕಾನ್ ಬಿಲ್ಲೆಯಲ್ಲಿ ಜಾಸ್ತಿ ಚಿಪ್ ಸಿಗುತ್ತಿದ್ದವು, ಬಿಸಿ ಕಡಿಮೆಯಾಗಿ ಫ್ಯಾನು ಚಿಕ್ಕದಾಗುತ್ತಿತ್ತು, ವಿದ್ಯುತ್ ಪೆಟ್ಟಿಗೆ ಚಿಕ್ಕದಾಗುತ್ತಿತ್ತು, ಕೊನೆಗೆ ರಟ್ಟಿನ ಡಬ್ಬಿಯೂ ಚಿಕ್ಕದಾಗುತ್ತಿತ್ತು. ಹಾಗಾಗಿ ಮೂರು ವರ್ಷದ ನಂತರ ಹೊಸದರ ಬೆಲೆಯೇ ಇಳಿದಿರುತ್ತದೆ, ಹಳೆಯದಕ್ಕೆ ಅರ್ಧ ಕೊಟ್ಟರೆ ನ್ಯಾಯ ಅಂತ ಲೆಕ್ಕ ಹಾಕಿದ್ದೆವು. ಪ್ಲೇಸ್ಟೇಷನ್ 4ರ ಕಾಲದ ತನಕ ಆ ಲೆಕ್ಕ ಚೆನ್ನಾಗಿಯೇ ನಡೆಯಿತು.

ಈ ಸಲ ಅದು ಮುರಿದುಬಿತ್ತು. ಪ್ಲೇಸ್ಟೇಷನ್ 5ರ ಚಿಪ್ 2022ರಲ್ಲಿ 7 ನ್ಯಾನೋಮೀಟರ್ ತಂತ್ರದಿಂದ ಇನ್ನೂ ಸೂಕ್ಷ್ಮವಾದ 6ರ ತಂತ್ರಕ್ಕೆ ಇಳಿದಿದ್ದು ನಿಜ. ಆದರೆ ಸೂಕ್ಷ್ಮವಾದಷ್ಟೂ ಅಗ್ಗ ಅನ್ನುವ ಕಾಲ ಮುಗಿದಿದೆ. ಹೊಸ ತಂತ್ರದ ಒಂದೊಂದು ಬಿಲ್ಲೆ ಎಷ್ಟು ದುಬಾರಿಯೆಂದರೆ ಚಿಪ್ ಚಿಕ್ಕದಾಗಿ ಉಳಿದ ಹಣ ಅಲ್ಲಿಗೇ ಹೋಗುತ್ತದೆ. ಅಮೆರಿಕದಲ್ಲಿ 2025ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್‌ನ ಕನ್ಸೋಲ್ ಎಕ್ಸ್‌ಬಾಕ್ಸ್ ಬೆಲೆ ಏರಿತು, ಆಗಸ್ಟ್‌ನಲ್ಲಿ ಪ್ಲೇಸ್ಟೇಷನ್ 5ರದ್ದು ಏರಿತು. ಅದೇ ತಿಂಗಳು ನಿಂಟೆಂಡೊ ಸ್ವಿಚ್ ಬೆಲೆಯೂ ಏರಿತು. ಅದು 2017ರ ಯಂತ್ರ, ಎಂಟು ವರ್ಷ ಹಳೆಯದು! ಅಮೆರಿಕದ ಆಮದು ಸುಂಕದ ಗೊಂದಲ ಒಂದು ಕಡೆ, ಆ ವರ್ಷದ ಕೊನೆಗೆ ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರುಗಳು ಮೆಮೊರಿ ಚಿಪ್‌ಗಳನ್ನು ಬಾಚಿಕೊಂಡು ಅವುಗಳ ಬೆಲೆಯೂ ಏರಿದ್ದು ಇನ್ನೊಂದು ಕಡೆ. ನಮ್ಮ ಲೆಕ್ಕದ ಪ್ರಕಾರ ಐದನೇ ವರ್ಷಕ್ಕೆ ಅಗ್ಗವಾಗಬೇಕಿದ್ದ ಯಂತ್ರ, ಬಿಡುಗಡೆಯ ದಿನಕ್ಕಿಂತ ದುಬಾರಿಯಾಗಿ ಕೂತಿತು.

ಇದರಿಂದ ಪೆಟ್ಟು ತಿಂದವರು ನೀವು. ಒಬ್ಬ ಗ್ರಾಹಕರು 2022ರಲ್ಲಿ ಕೊಂಡಿದ್ದ ಯಂತ್ರವನ್ನು ಚೀಟಿ ಹಿಡಿದು ತಂದರು, ಬರೆದಷ್ಟು ಕೊಟ್ಟೆವು, ಖುಷಿಯಿಂದಲೇ ಹೋದರು. ಧೂಳು ತೆಗೆದು, ಫ್ಯಾನ್ ಒರೆಸಿ ಅದನ್ನು ಮಾರಿದಾಗ ನಮಗೆ ಸಿಕ್ಕಿದ ಹಣ ನೋಡಿ ಮನಸ್ಸಿಗೆ ಸರಿ ಅನ್ನಿಸಲಿಲ್ಲ. ಅವರೇ ಇನ್ನೊಂದು ಕೊಳ್ಳಲು ಬಂದಾಗ ಹೊಸ ಬೆಲೆ ಕೇಳಿ ವಾಪಸ್ ಹೋದರು. ಇಂಥವು ಒಂದಲ್ಲ, ನಮ್ಮ ಲೆಕ್ಕದ ಪುಸ್ತಕ ತಿರುವಿದಾಗ ಸಾಕಷ್ಟು ಸಿಕ್ಕವು. ಆದ್ದರಿಂದ 2025ರ ಜನವರಿಯಿಂದ ಈಚೆಗೆ ಚೀಟಿ ಕೊಟ್ಟು ಯಂತ್ರ ಮರಳಿಸಿದ ಎಲ್ಲರಿಗೂ, ನಾವು ಮಾರಿದ ಬೆಲೆಯಲ್ಲಿ ರಿಪೇರಿ ಖರ್ಚು ಕಳೆದು ಉಳಿದ ವ್ಯತ್ಯಾಸವನ್ನು ಕೊಡುತ್ತೇವೆ. ನೀವು ಕೇಳಬೇಕಿಲ್ಲ, ನಾವೇ ಫೋನ್ ಮಾಡುತ್ತೇವೆ.

ಸರಿಪಡಿಸಲಾಗದ ತಪ್ಪು ಇನ್ನೊಂದಿದೆ. 2023ರಲ್ಲಿ ಇದೇ ರೀತಿಯ ಪತ್ರದಲ್ಲಿ "ಅವಸರ ಬೇಡ, ಇನ್ನೆರಡು ವರ್ಷ ಕಾಯಿರಿ, ಬೆಲೆ ಇಳಿಯುತ್ತದೆ" ಅಂತ ಬರೆದಿದ್ದೆವು. ಕೆಲವರು ನಮ್ಮ ಮಾತು ಕೇಳಿ ಕಾದರು. ಅವರ ಎರಡು ವರ್ಷದ ಆಟವೂ ಹೋಯಿತು, ಹಣವೂ ಜಾಸ್ತಿ ಹೋಯಿತು. ದಯವಿಟ್ಟು ಕ್ಷಮಿಸಿ.

ಕನ್ಸೋಲುಗಳ ಭವಿಷ್ಯ ಹೇಳಲು ಹೋಗಿ ದೊಡ್ಡ ದೊಡ್ಡವರೂ ಎಡವಿದ್ದಾರೆ. ಅದು ನಮ್ಮ ತಪ್ಪಿಗೆ ನೆಪವಲ್ಲ, ಆದರೆ ಯಾಕೆ ಎಡವುತ್ತಾರೆ ಅಂತ ನೋಡಿದರೆ ಈ ಬದಲಾವಣೆಯ ಕಾರಣ ಅರ್ಥವಾಗುತ್ತದೆ. 2012ರ ಸುಮಾರಿಗೆ ಫೋನ್ ಬಂತು, ಇನ್ನು ಕನ್ಸೋಲ್ ಕಥೆ ಮುಗಿಯಿತು ಅಂತ ಎಲ್ಲ ಕಡೆ ಮಾತು. ಆ ವರ್ಷವೇ ಬಂದ ನಿಂಟೆಂಡೊ ವೀ ಯು ಒಟ್ಟು 1.36 ಕೋಟಿಯಷ್ಟೇ ಮಾರಾಟವಾಯಿತು, ಮಾತಿಗೆ ಸಾಕ್ಷಿ ಸಿಕ್ಕ ಹಾಗಾಯಿತು. ಅದೇ ಕಂಪನಿ ಐದು ವರ್ಷಕ್ಕೆ ಸ್ವಿಚ್ ತಂದಿತು, 15 ಕೋಟಿ ದಾಟಿತು. ವೀ ಯು ಮಾರಾಟದ ಅಂಕಿ ಮುಂದಿಟ್ಟುಕೊಂಡು ಸ್ವಿಚ್ ಅನ್ನು ಯಾರು ಊಹಿಸಲು ಸಾಧ್ಯವಿತ್ತು ಹೇಳಿ?

ಆಮೇಲೆ ಸ್ಟ್ರೀಮಿಂಗ್. ಪೆಟ್ಟಿಗೆಯೇ ಬೇಡ, ಆಟ ದೂರದ ಸರ್ವರ್‌ನಲ್ಲಿ ನಡೆಯಲಿ, ಚಿತ್ರ ಮಾತ್ರ ನಿಮ್ಮ ಪರದೆಗೆ ಬರಲಿ ಅನ್ನುವ ಯೋಚನೆ. ಆನ್‌ಲೈವ್ ಅನ್ನುವ ಇಂಥ ಸೇವೆ 2010ರಲ್ಲಿ ಶುರುವಾಗಿ 2015ರಲ್ಲಿ ಮುಚ್ಚಿತು. ಗೂಗಲ್‌ನ ಸ್ಟೇಡಿಯಾ 2019ರ ನವೆಂಬರ್‌ನಲ್ಲಿ ಬಂದು 2023ರ ಜನವರಿ 18ಕ್ಕೆ ನಿಂತಿತು. ಹಣಕ್ಕಾಗಲಿ ಸರ್ವರ್‌ಗಾಗಲಿ ಗೂಗಲ್‌ಗೆ ಕೊರತೆ ಇರಲಿಲ್ಲ. ಆದರೆ ಸೆಕೆಂಡಿಗೆ 60 ಚಿತ್ರ ಬರುವ ಆಟದಲ್ಲಿ ಒಂದು ಚಿತ್ರಕ್ಕೆ ಸಿಗುವ ಸಮಯ 17 ಮಿಲಿಸೆಕೆಂಡಿಗೂ ಕಡಿಮೆ. ನೀವು ಒತ್ತಿದ ಗುಂಡಿಯ ಸುದ್ದಿ ಸರ್ವರ್‌ಗೆ ಹೋಗಿ, ಅಲ್ಲಿ ಚಿತ್ರ ತಯಾರಾಗಿ, ಕುಗ್ಗಿಸಿ, ಮತ್ತೆ ನಿಮ್ಮ ಮನೆಗೆ ಬಂದು ಬಿಚ್ಚಿಕೊಳ್ಳುವುದರಲ್ಲಿ ಹಲವು ಚಿತ್ರಗಳಷ್ಟು ಹೊತ್ತು ಕಳೆದಿರುತ್ತದೆ. ನಿಧಾನದ ಆಟದಲ್ಲಿ ಗೊತ್ತಾಗುವುದಿಲ್ಲ. ಗುದ್ದಾಟದ ಆಟದಲ್ಲಿ ಕೈಗೆ ಗೊತ್ತಾಗುತ್ತದೆ. ಜೊತೆಗೆ, ಇವತ್ತು ಕೊಂಡ ಆಟ ನಾಳೆ ಸೇವೆ ನಿಂತರೆ ಏನು ಅನ್ನುವ ಭಯ. ಗೂಗಲ್ ಕೊನೆಗೆ ಆಟಗಳ ಹಣ ವಾಪಸ್ ಕೊಟ್ಟಿತು, ಅದು ಒಳ್ಳೆಯ ಕೆಲಸ.

ನಮ್ಮನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಜಪಾನಿನ ಸೆಗಾ ಕಂಪನಿಯ ಕನ್ಸೋಲ್ ಡ್ರೀಮ್‌ಕಾಸ್ಟ್. 1998ರಲ್ಲೇ ಮೋಡೆಮ್ (ಫೋನ್ ತಂತಿಯಿಂದ ಇಂಟರ್‌ನೆಟ್‌ಗೆ ಜೋಡಿಸುವ ಸಾಧನ) ಒಳಗಿಟ್ಟು ಬಂದ ಯಂತ್ರ ಅದು. ಮುಂದೆ ಎಲ್ಲರೂ ಆನ್‌ಲೈನ್ ಆಡುತ್ತಾರೆ ಅಂತ ಅವರು ಹೇಳಿದ್ದು ನಿಜವೇ ಆಯಿತು. ಆದರೂ 2001ರಲ್ಲಿ ಸೆಗಾ ಕನ್ಸೋಲ್ ಮಾಡುವುದನ್ನೇ ಬಿಟ್ಟಿತು. 2013ರಲ್ಲಿ ಎಕ್ಸ್‌ಬಾಕ್ಸ್ ಒನ್ 24 ಗಂಟೆಗೊಮ್ಮೆ ಇಂಟರ್‌ನೆಟ್‌ಗೆ ಹಾಜರಿ ಹಾಕಬೇಕು ಅಂದಾಗ ಜನ ಎಷ್ಟು ಸಿಟ್ಟಾದರೆಂದರೆ ಮೈಕ್ರೋಸಾಫ್ಟ್ ಅದೇ ಜೂನ್‌ನಲ್ಲಿ ನಿರ್ಧಾರ ಹಿಂದೆ ತೆಗೆದುಕೊಂಡಿತು. ಇವತ್ತು ಡೌನ್‌ಲೋಡ್ ಮಾಡಿದ ಆಟ, ಚಂದಾ, ಲಾಗಿನ್ ಎಲ್ಲವನ್ನೂ ನಾವು ಸುಮ್ನೆ ಒಪ್ಪಿಕೊಂಡಿದ್ದೇವೆ. ದಿಕ್ಕು ಸರಿಯಾಗಿ ಹೇಳಿದವರೂ ಸಮಯ ತಪ್ಪಿ ಹೇಳಿ ಮುಳುಗಿದ್ದಾರೆ. ನಮ್ಮ ವಾಪಸ್ ಚೀಟಿಯಲ್ಲಿ ಇದ್ದದ್ದೂ ಸಮಯದ ಮೇಲಿನ ಪಂದ್ಯವೇ.

ಹಾಗಂತ ನಮಗೆ ಅಭಿಪ್ರಾಯವೇ ಇಲ್ಲ ಅಂತಲ್ಲ, ಕೌಂಟರ್‌ನಲ್ಲಿ ನಿಂತು ಕೇಳಿದವರಿಗೆ ಹೇಳುತ್ತಲೇ ಇರುತ್ತೇವೆ. ಕನ್ಸೋಲ್ ಸಾಯುವುದಿಲ್ಲ. 2025ರ ಜೂನ್‌ನಲ್ಲಿ ಬಂದ ಸ್ವಿಚ್ 2 ನಾಲ್ಕೇ ದಿನದಲ್ಲಿ 35 ಲಕ್ಷ ಮಾರಾಟವಾಯಿತು. ಅದೇ ತಿಂಗಳು ಮೈಕ್ರೋಸಾಫ್ಟ್ ಮುಂದಿನ ಯಂತ್ರಗಳಿಗೆ ಚಿಪ್ ಕಂಪನಿ ಎಎಂಡಿ ಜೊತೆ ಒಪ್ಪಂದ ಹೇಳಿತು, ಅಕ್ಟೋಬರ್‌ನಲ್ಲಿ ಸೋನಿಗೆ ಪ್ಲೇಸ್ಟೇಷನ್ 5 ವಿನ್ಯಾಸ ಮಾಡಿದ ಮಾರ್ಕ್ ಸರ್ನಿ ಕೂಡ ಎಎಂಡಿ ಜೊತೆ ಮಾಡುತ್ತಿರುವ ಹೊಸ ಗ್ರಾಫಿಕ್ಸ್ ಕೆಲಸದ ಬಗ್ಗೆ ಮಾತಾಡಿದರು. ಆದರೆ ಯಾವುದನ್ನು ಕನ್ಸೋಲ್ ಅನ್ನಬೇಕು ಅನ್ನುವುದೇ ಕಲಸಿಹೋಗುತ್ತಿದೆ. ಕೈಯಲ್ಲಿ ಹಿಡಿದು ಆಡುವ 2022ರ ಸ್ಟೀಮ್ ಡೆಕ್ ಒಳಗಿರುವುದು ಕಂಪ್ಯೂಟರ್. 2025ರಲ್ಲಿ ಎಕ್ಸ್‌ಬಾಕ್ಸ್ ಹೆಸರು ಹೊತ್ತು ಬಂದ ಕೈಯಂತ್ರದಲ್ಲಿ ಓಡುವುದು ವಿಂಡೋಸ್. 2001ರಲ್ಲಿ ಯಾವ ಆಟಕ್ಕಾಗಿ ಜನ ಎಕ್ಸ್‌ಬಾಕ್ಸ್ ಕೊಂಡರೋ ಆ ಹೇಲೋ ಪ್ಲೇಸ್ಟೇಷನ್‌ಗೆ ಬರುತ್ತದೆ ಅಂತ ಮೈಕ್ರೋಸಾಫ್ಟೇ ಘೋಷಿಸಿತು. ಇಂಥ ಹೊತ್ತಲ್ಲಿ ಹೆಸರಿಲ್ಲದ, ದಿನಾಂಕವಿಲ್ಲದ, ಬೆಲೆಯಿಲ್ಲದ ಒಂದು ಪೆಟ್ಟಿಗೆಗೆ ನಿಮ್ಮಿಂದ ಮುಂಗಡ ಇಸಿದುಕೊಂಡು ಇಟ್ಟುಕೊಳ್ಳುವುದು ಸರಿಯಲ್ಲ. ಅದಕ್ಕೇ ವಾಪಸ್ ಕೊಡುತ್ತಿದ್ದೇವೆ.

ನಮಗೆ ನಿಜವಾಗಿ ಚಿಂತೆ ಇರುವುದು ಆಟದ ಡಿಸ್ಕ್ ಬಗ್ಗೆ. 2024ರ ನವೆಂಬರ್‌ನಲ್ಲಿ ಬಂದ ಪ್ಲೇಸ್ಟೇಷನ್ 5 ಪ್ರೊ ಯಂತ್ರಕ್ಕೆ ಡಿಸ್ಕ್ ಡ್ರೈವ್ ಇಲ್ಲ, ಬೇರೆಯಾಗಿ ಕೊಂಡು ಸಿಕ್ಕಿಸಬೇಕು, ಸಿಕ್ಕಿಸಿದ ಮೇಲೆ ಒಮ್ಮೆ ಇಂಟರ್‌ನೆಟ್‌ನಲ್ಲಿ ಜೋಡಿಸಬೇಕು. ಸ್ವಿಚ್ 2ರ ಗೇಮ್ ಕೀ ಕಾರ್ಡ್‌ನಲ್ಲಿ ಆಟವೇ ಇರುವುದಿಲ್ಲ, ಡೌನ್‌ಲೋಡ್ ಮಾಡಲು ಬೇಕಾದ ಕೀಲಿ ಮಾತ್ರ. ಆ ಡೌನ್‌ಲೋಡ್ ಎಷ್ಟು ವರ್ಷ ಸಿಗುತ್ತದೆ? ನಿಂಟೆಂಡೊದ ಹಳೆಯ ಯಂತ್ರ ವೀಯ ಆನ್‌ಲೈನ್ ಅಂಗಡಿ 2019ರಲ್ಲಿ ಮುಚ್ಚಿತು, ಅದೇ ಕಂಪನಿಯ ವೀ ಯು ಮತ್ತು 3ಡಿಎಸ್ ಯಂತ್ರಗಳ ಅಂಗಡಿಗಳಲ್ಲಿ ಖರೀದಿ 2023ರ ಮಾರ್ಚ್‌ನಲ್ಲಿ ನಿಂತಿತು, ಎಕ್ಸ್‌ಬಾಕ್ಸ್ 360ರದ್ದು 2024ರ ಜುಲೈನಲ್ಲಿ. ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಮಾಡಿದ ಅಧ್ಯಯನದ ಪ್ರಕಾರ ಅಮೆರಿಕದಲ್ಲಿ 2010ಕ್ಕಿಂತ ಮೊದಲು ಬಂದ ಆಟಗಳಲ್ಲಿ ಶೇ 87ರಷ್ಟು ಆಗಲೇ ಮಾರಾಟದಲ್ಲಿ ಇರಲಿಲ್ಲ. ಹಳೆಯ ಡಿಸ್ಕ್ ಮತ್ತು ಅದನ್ನು ಓದುವ ಯಂತ್ರ ಇದ್ದವರಿಗೆ ಮಾತ್ರ ಅವು ಉಳಿದಿವೆ. ಡಿಸ್ಕ್ ಆದರೆ ಮಾರಬಹುದು, ತಮ್ಮನಿಗೆ ಕೊಡಬಹುದು, ನಮ್ಮ ಕಪಾಟಿನಿಂದ ಎರವಲು ಒಯ್ಯಬಹುದು. ಡೌನ್‌ಲೋಡ್‌ನಲ್ಲಿ ನಿಮ್ಮ ಕೈಗೆ ಬರುವುದು ಆಡುವ ಪರವಾನಗಿ ಅಷ್ಟೇ.

ಅದಕ್ಕೇ ಡಿಸ್ಕ್ ಎರವಲು ಕಪಾಟು ಹಾಗೇ ಇರುತ್ತದೆ, ಇನ್ನೂ ದೊಡ್ಡದಾಗುತ್ತದೆ. ಹಳೆಯ ಯಂತ್ರ ಕೊಳ್ಳುವುದನ್ನೂ ನಿಲ್ಲಿಸುತ್ತಿಲ್ಲ. ಆದರೆ ಬೆಲೆ ಕಟ್ಟುವುದು ನೀವು ತಂದ ದಿನ, ನಿಮ್ಮೆದುರಿಗೆ, ಯಂತ್ರ ಓಡಿಸಿ ನೋಡಿ. ಡ್ರೈವ್ ಇದ್ದ ಯಂತ್ರಕ್ಕೆ ಜಾಸ್ತಿ ಕೊಡುತ್ತೇವೆ. ಆ ವಾರದ ದರಪಟ್ಟಿ ಗೋಡೆಯ ಮೇಲೆ ಇರುತ್ತದೆ, ನಾವು ಮಾರುವ ದರವೂ ಅದರ ಪಕ್ಕದಲ್ಲೇ ಇರುತ್ತದೆ.

ಚೀಟಿ, ಮುಂಗಡದ ಲೆಕ್ಕ ನೋಡುತ್ತಿದ್ದ ನಮ್ಮ ಇಬ್ಬರು ಸದಸ್ಯರು ಇನ್ನು ಮುಂದೆ ರಿಪೇರಿಗೆ ಕೂರುತ್ತಾರೆ. ಜಾಸ್ತಿ ಬರುವುದು ಡ್ರಿಫ್ಟ್ ಸಮಸ್ಯೆ, ನೀವು ಮುಟ್ಟದಿದ್ದರೂ ಪಾತ್ರ ತಾನಾಗಿ ಒಂದು ಕಡೆ ಸರಿಯುತ್ತಾ ಹೋಗುವುದು. ಕಂಟ್ರೋಲರ್ ಕಡ್ಡಿಯ ಬುಡದಲ್ಲಿ ಒಂದು ಪಟ್ಟಿಯ ಮೇಲೆ ಚಿಕ್ಕ ಲೋಹದ ತುಂಡು ಉಜ್ಜುತ್ತಿರುತ್ತದೆ, ಸವೆದ ಮೇಲೆ ತಪ್ಪು ಸುದ್ದಿ ಕಳಿಸುತ್ತದೆ. ಅದರ ಬದಲು ಅಯಸ್ಕಾಂತದಿಂದ ಸ್ಥಾನ ಅಳೆಯುವ ಹಾಲ್ ಸೆನ್ಸರ್ ಹಾಕಿದರೆ ಉಜ್ಜಾಟವೇ ಇರುವುದಿಲ್ಲ. ಹೊಂದುವ ಕಂಟ್ರೋಲರ್‌ಗಳಿಗೆ ಇನ್ನು ಅದನ್ನೇ ಹಾಕುತ್ತೇವೆ. ಪ್ಲೇಸ್ಟೇಷನ್ 5 ಮಾತ್ರ ದಯವಿಟ್ಟು ಮನೆಯಲ್ಲಿ ಪೂರ್ತಿ ಬಿಚ್ಚಬೇಡಿ. ಚಿಪ್ ಮೇಲೆ ದ್ರವ ಲೋಹ ಹಚ್ಚಿರುತ್ತಾರೆ, ಅದು ಬೋರ್ಡ್ ಮೇಲೆ ಹರಿದರೆ ಯಂತ್ರ ಹೋದ ಹಾಗೇ.

"ಈಗ ಕೊಳ್ಳಲಾ, ಕಾಯಲಾ" ಅಂತ ನೀವು ಕೇಳುತ್ತಲೇ ಇರುತ್ತೀರಿ, ಕೇಳಿ. ಈಗ ಆಡಬೇಕು ಅನ್ನಿಸುವ ಆಟ ಯಾವುದು, ಅದು ನಿಮ್ಮ ಮನೆಯಲ್ಲಿರುವ ಯಂತ್ರದಲ್ಲಿ ಓಡುತ್ತದಾ ಅಂತ ನಾವು ತಿರುಗಿ ಕೇಳುತ್ತೇವೆ. ಓಡುತ್ತದೆ ಅಂದರೆ ಏನೂ ಕೊಳ್ಳಬೇಡಿ ಅನ್ನುತ್ತೇವೆ. ಬೆಲೆ ಇಳಿಯುತ್ತದಾ ಅನ್ನುವುದಕ್ಕೆ ಇನ್ನು ಮುಂದೆ ನಮ್ಮಿಂದ ಉತ್ತರ ಸಿಗುವುದಿಲ್ಲ.

ಮುಂಗಡ ವಾಪಸ್‌ಗೆ ರಸೀದಿ ತನ್ನಿ. ಕಳೆದುಹೋಗಿದ್ದರೆ ಹಾಗೇ ಬನ್ನಿ, ನಮ್ಮ ಪುಸ್ತಕದಲ್ಲಿ ಹೆಸರು ಇರುತ್ತದೆ. ಬರಲು ಆಗದವರಿಗೆ 30 ದಿನದೊಳಗೆ ಖಾತೆಗೇ ಹಾಕುತ್ತೇವೆ. ಇನ್ನೊಂದು ಮಾತು, ಯಂತ್ರ ಮಾರಲು ತರುವ ಮೊದಲು ನಿಮ್ಮ ಸೇವ್ ಫೈಲುಗಳನ್ನು (ಆಟದಲ್ಲಿ ಎಲ್ಲಿಯ ತನಕ ಬಂದಿದ್ದೀರಿ ಅನ್ನುವ ದಾಖಲೆ) ಬೇರೆ ಕಡೆ ಇಳಿಸಿಕೊಳ್ಳಿ, ಹೇಗೆ ಅಂತ ಗೊತ್ತಾಗದಿದ್ದರೆ ಅಳಿಸದೆ ಹಾಗೇ ತನ್ನಿ, ಜೊತೆಗೆ ಕೂತು ಮಾಡೋಣ.

ನಿಮ್ಮ,
ಸಹಕಾರಿಯ ಎಲ್ಲ ಸದಸ್ಯರು