ಭಾನುವಾರದ ಮಾತುಕತೆ: ವೀಲ್‌ಚೇರ್ ಸಂಶೋಧಕ ರೋರಿ ಕೂಪರ್

ಎಲ್ಲರಿಗೂ ನಮಸ್ಕಾರ. ಭಾನುವಾರ ಸಂಜೆ 5ಕ್ಕೆ ಗುಂಪಿನ ಕರೆಯಲ್ಲಿ ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ರೋರಿ ಕೂಪರ್ ಬಗ್ಗೆ ಮಾತಾಡೋಣ. ಸೈನ್ಯದಲ್ಲಿದ್ದಾಗ, 1980ರಲ್ಲಿ, ಜರ್ಮನಿಯಲ್ಲಿ ಸೈಕಲ್ ಅಪಘಾತವಾಗಿ ಅವರ ಬೆನ್ನುಹುರಿಗೆ ಪೆಟ್ಟಾಯಿತು. ಆಮೇಲೆ ಎಂಜಿನಿಯರಿಂಗ್ ಓದಿದರು. 1994ರಲ್ಲಿ ಪಿಟ್ಸ್‌ಬರ್ಗಿಗೆ ಬಂದು ವೀಲ್‌ಚೇರ್ ಸಂಶೋಧನೆಗೆಂದೇ ಲ್ಯಾಬ್ ಕಟ್ಟಿದರು.

ದಿನವಿಡೀ ಚಕ್ರ ತಳ್ಳಿದರೆ ಭುಜ, ಮಣಿಕಟ್ಟು ಏನಾಗುತ್ತವೆ ಅಂತ ನಮ್ಮಲ್ಲಿ ಕೆಲವರಿಗೆ ಹೇಳಬೇಕಾಗಿಲ್ಲ, ಅಲ್ವಾ? ತಳ್ಳುವ ಬಲವನ್ನು ಅಳೆಯುವ ಚಕ್ರ, ಅಂಗೈಗೆ ಸರಿಯಾಗಿ ಕೂರುವ ಹಿಡಿ, ಇವೆಲ್ಲದರಲ್ಲಿ ಅವರ ಕೈಯಿದೆ. ನನಗೆ ಜಾಸ್ತಿ ಹಿಡಿಸಿದ್ದು ಅವರ ಲ್ಯಾಬಿನ ಗಾಳಿ ವೀಲ್‌ಚೇರ್. ಬ್ಯಾಟರಿಯೇ ಇಲ್ಲ. ಸಿಲಿಂಡರಿಗೆ ಗಾಳಿ ಒತ್ತಿ ತುಂಬಿದರೆ ಓಡುತ್ತದೆ. ನೀರಲ್ಲಿ ನೆಂದರೂ ಚಿಂತೆಯಿಲ್ಲ. ಟೆಕ್ಸಸ್‌ನ ಸ್ಯಾನ್ ಆಂಟೋನಿಯೊದ ವಾಟರ್ ಪಾರ್ಕಿನಲ್ಲಿ ಅದನ್ನು ಬಳಸುತ್ತಾರೆ.

ಆಟದ ಹುಚ್ಚೂ ಉಂಟು. 1988ರ ಸೋಲ್ ಪ್ಯಾರಾಲಿಂಪಿಕ್ಸ್‌ನಲ್ಲಿ ಕಂಚು ಗೆದ್ದವರು.

ಪ್ರಶ್ನೆಗಳಿದ್ದರೆ ಶನಿವಾರ ರಾತ್ರಿಯೊಳಗೆ ಇಲ್ಲೇ ಹಾಕಿ. ಟೈಪ್ ಮಾಡೋದು ಕಷ್ಟವಾದರೆ ಧ್ವನಿ ಸಂದೇಶ ಸಾಕು. ಅವತ್ತು ಮಾತ್ರ ಗುಡ್ ಮಾರ್ನಿಂಗ್ ಚಿತ್ರಗಳು ಬೇಡ, ದಯವಿಟ್ಟು!